ಕೃಷ್ಣಾ-ಘಟಪ್ರಭಾ ಪ್ರಾಂತದಲ್ಲಿ ಕಾಯಕವೂ ಶಿವಾನುಭವದ ವೇಳೆಯೂ

ಕೃಷ್ಣಾ ಮತ್ತು ಘಟಪ್ರಭಾ ಎಂಬೀ ಎರಡು ಹೊಳೆಗಳ ಆಸುಪಾಸಿನಲ್ಲಿ ಹಬ್ಬಿಕೊಂಡಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪ್ರಾಂತವು ಬಹುಕಾಲದಿಂದ ದುಡಿಯುವ ಜನರ ಪ್ರಾಂತವಾಗಿರುವದು. ಎರೆಯ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬೆಳೆಯುವ ಒಕ್ಕಲು ಮಕ್ಕಳು, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಸೀರೆಗಳನ್ನು ನೇಯುವ ನೇಕಾರರು, ನೂಲು-ಅರಿವೆಗಳ ವ್ಯಾಪಾರ ಮಾಡುವ ಬಣಜಿಗರು, ಗಾಣಿಗರು, ಬಡಿಗ-ಕಮ್ಮಾರರು ಇವರೇ ಇಲ್ಲಿಯ ಸಮಾಜದ ಬಹುಭಾಗವು. ಪುರಸತ್ತಿನಿಂದ ಕಾಲ ಕಳೆಯುವ ವರ್ಗವೆಂಬದು ಇಲ್ಲಿ ಎಂದೂ ದೊಡ್ಡದಾಗಿರಲಿಲ್ಲ. ಆದರೂ ಇದೇ ಜನರು ಮಠಗಳನ್ನು ಕಟ್ಟಿಸಿದರು. ತಾಡವೋಲೆಯ ಕಟ್ಟುಗಳನ್ನು ತಲೆಮಾರುಗಳ ವರೆಗೆ ಜತನ ಮಾಡಿದರು. ಶ್ರಾವಣಮಾಸದಲ್ಲಿ ಪುರಾಣ ಹಚ್ಚಿಸಿದರು. ಭಜನೆಯ ಮೇಳಗಳನ್ನು ಕೂಡಿಸಿದರು. ಬೆಳಗು ಹರಿಯುವ ತನಕ ಪಾರಿಜಾತದ ಆಟ ನೋಡಿದರು. ಇಷ್ಟಕ್ಕೆಲ್ಲ ಅವರಿಗೆ ವೇಳೆ ಎಲ್ಲಿಂದ ಬಂದಿತು?

ಪ್ರಪಂಚದ ಗಡಿಬಿಡಿಯಲ್ಲಿ ಪಾರಮಾರ್ಥಕ್ಕೆ ವೇಳೆ ಸಿಕ್ಕುವದಿಲ್ಲವೆಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಬರುವದು. ಈ ಮಾತನ್ನಾಡುವವರು ಹಿಂದಿನವರಿಗೆ ವೇಳೆಯು ಹೇರಳವಾಗಿದ್ದಿತೆಂದು ಭಾವಿಸುವರು. ಆದರೆ ಈ ಪ್ರಾಂತದ ಇತಿಹಾಸವನ್ನು ನೋಡಿದರೆ ಈ ಭಾವನೆಗೆ ಆಧಾರವು ದೊರೆಯುವದಿಲ್ಲ. ಮಳೆಯನ್ನು ನಂಬಿದ ಒಕ್ಕಲಿಗನಿಗೆ ಹದ ತಪ್ಪಿದರೆ ವರ್ಷವೇ ತಪ್ಪುತ್ತಿದ್ದಿತು. ನೇಕಾರನ ಮನೆಯಲ್ಲಿ ಮಗ್ಗ ನಿಂತರೆ ಒಲೆಯೂ ನಿಲ್ಲುತ್ತಿದ್ದಿತು. ಹೊಲದ ಮಣ್ಣು ಮಳೆಯಲ್ಲಿ ಕೊಚ್ಚಿಹೋಗದಂತೆ ಬದುವು ಹಾಕುವ ಹಾಗೆಯೇ ಇಲ್ಲಿಯ ಹಿರಿಯರು ದಿನ, ವಾರ, ತಿಂಗಳು, ವರ್ಷಗಳಿಗೆ ಬದುವು ಹಾಕಿ ಒಂದಿಷ್ಟು ವೇಳೆಯನ್ನು ತಡೆದಿಟ್ಟರು. ಆ ಬದುವುಗಳು ಹೇಗೆ ಬಿದ್ದವು, ಯಾರು ಕಾಯ್ದರು, ಈಗ ಅವುಗಳ ಗತಿಯೇನೆಂಬದನ್ನು ಇಲ್ಲಿ ವಿಚಾರಿಸಲಾಗಿದೆ.

ಒಂದು ಸಂಗತಿಯನ್ನು ಮೊದಲಿಗೇ ಲಕ್ಷ್ಯದಲ್ಲಿಡಬೇಕು. ೧೯೪೮ರ ವರೆಗೆ ಈ ಊರುಗಳು ಒಂದೇ ಆಳಿಕೆಯಲ್ಲಿದ್ದಿಲ್ಲ. ಜಮಖಂಡಿಗೆ ಪಟವರ್ಧನರು ಅರಸರು, ಮುಧೋಳಕ್ಕೆ ಘೋರ್ಪಡೆಯವರು. ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೆ ಅದಕ್ಕೆ ಅಂಟಿಕೊಂಡೇ ಇರುವ ರಬಕವಿಯು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದಿತು. ಬೀಳಗಿಯು ಬ್ರಿಟಿಶರ ವಿಜಾಪುರ ಜಿಲ್ಲೆಯಲ್ಲಿದ್ದಿತು. ಹೀಗೆ ಒಂದು ದಿನದ ಕಾಲುದಾರಿಯಲ್ಲಿ ಹಲವು ಕಚೇರಿಗಳು, ಹಲವು ಸುಂಕದ ಕಟ್ಟೆಗಳು. ಅಮಾವಾಸ್ಯೆ ಮಾತ್ರ ಎಲ್ಲರಿಗೂ ಒಂದೇ ದಿನ ಬರುತ್ತಿದ್ದಿತು. ಅರಸರ ಗಡಿಯನ್ನು ಲೆಕ್ಕಿಸದ ಪಂಚಾಂಗವೂ, ಗಡಿಗಳನ್ನು ದಾಟಿ ಸಂಚರಿಸುವ ಜಂಗಮರೂ ಈ ಪ್ರಾಂತವನ್ನು ಒಂದಾಗಿ ಹಿಡಿದಿದ್ದರೆಂದು ಹೇಳಿದರೆ ತಪ್ಪಾಗಲಾರದು.

ಈ ಪ್ರಾಂತದ ವಿದ್ಯಾಸಂಸ್ಕೃತಿಯ ಇತಿಹಾಸವು ಒಬ್ಬ ಬಳೆಗಾರರ ಮನೆಯ ಮಗನಿಂದ ಪ್ರಾರಂಭವಾಗುವದು. ಕವಿಚಕ್ರವರ್ತಿ ರನ್ನನು ಮುದುವೊಳಲಿನವನು, ಅಂದರೆ ಈಗಿನ ಮುಧೋಳದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಕುಲವು ಬಳೆಗಾರ ಕುಲವೆಂಬದನ್ನು ಅವನು ಕ್ರಿ. ಶ. ೯೯೩ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಮರೆಮಾಚದೆ ಹೇಳಿಕೊಂಡಿರುವನು. ಜಂಬುಖಂಡಿ ಎಪ್ಪತ್ತು ಎಂಬ ನಾಡಿನ ಹೆಸರೂ ಅದರಲ್ಲಿ ಬರುವದು. ಮಲಾರವನ್ನು ಹೆಗಲಿಗೇರಿಸಿ ಊರೂರು ತಿರುಗಿ ಬಳೆ ತೊಡಿಸುವ ಕಸುಬಿನ ಮನೆಯಲ್ಲಿ ಹುಟ್ಟಿದವನಿಗೆ ವ್ಯಾಕರಣ-ಕಾವ್ಯಗಳ ಮೇಲೆ ಮನಸ್ಸು ಹರಿಯಿತು. ಆ ಮನಸ್ಸಿನ ಬೆಲೆಯಾಗಿ ಅವನು ಊರನ್ನೂ ಕಸುಬನ್ನೂ ಬಿಡಬೇಕಾಯಿತು. ದಕ್ಷಿಣಕ್ಕೆ ಶ್ರವಣಬೆಳಗೊಳಕ್ಕೆ ನಡೆದು ಅಜಿತಸೇನಾಚಾರ್ಯರಲ್ಲಿ ಓದಿದನು. ಚಾವುಂಡರಾಯನ ಆಶ್ರಯವನ್ನೂ, ತರುವಾಯ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯವನ್ನೂ, ಕಡೆಗೆ ಚಾಲುಕ್ಯ ತೈಲಪ ಮತ್ತು ಸತ್ಯಾಶ್ರಯರ ಮನ್ನಣೆಯನ್ನೂ ಪಡೆದನು. ಆಶ್ರಯದಾತರ ಋಣವನ್ನು ಅವನು ಮರೆಯಲಿಲ್ಲ; ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಸಕ್ಕರೆಯ ಸಹಕಾರಿ ಕಾರ್ಖಾನೆಯೊಂದಕ್ಕೆ ರನ್ನನ ಹೆಸರು ಬಂದಿರುವದು. ಕಬ್ಬಿಗನ ಹೆಸರನ್ನು ಕಬ್ಬಿಗೆ ಇಟ್ಟದ್ದು ವಿನೋದವಾಗಿ ತೋರಿದರೂ ದುಡಿಮೆಯ ಮನೆಯಿಂದ ಬಂದವನ ಹೆಸರು ದುಡಿಮೆಯ ಸ್ಥಳಕ್ಕೆ ಬಂದುದು ಅಯೋಗ್ಯವೆನ್ನಲಾಗದು.

ಹತ್ತನೆಯ ಶತಮಾನದಲ್ಲಿ ವಿದ್ಯೆಯನ್ನು ಬಯಸಿದವನ ದಾರಿಯು ಇದಾಗಿದ್ದಿತು. ಕಸುಬಿನೊಳಗೆ ಇದ್ದುಕೊಂಡು ಜ್ಞಾನವನ್ನು ಪಡೆಯುವ ಅನುಕೂಲತೆ ಇದ್ದಿಲ್ಲ. ಕಸುಬನ್ನು ಬಿಟ್ಟವನಿಗೆ ಅರಸನೋ ಧನಿಕಳಾದ ಮಹಾಸತಿಯೋ ವೇಳೆಯನ್ನು ಒದಗಿಸಿಕೊಡಬೇಕಾಗುತ್ತಿದ್ದಿತು.

ಕಸುಬನ್ನು ಬಿಡಲಾರದವರು ಬೇರೊಂದು ದಾರಿಯನ್ನು ಹಿಡಿದರು. ರಬಕವಿಯ ನೆರೆಯ ತೇರದಾಳದಲ್ಲಿ ಮಾಂಡಲಿಕ ಗೊಂಕನು ಆರನೆಯ ವಿಕ್ರಮಾದಿತ್ಯನ ಆಳಿಕೆಯ ಕಡೆಗಾಲದಲ್ಲಿ, ಕ್ರಿ. ಶ. ೧೧೨೩ರ ಸುಮಾರಿಗೆ, ನೇಮಿನಾಥನ ಬಸದಿಯನ್ನು ಕಟ್ಟಿಸಿದನು. ಅಲ್ಲಿಯ ಶಾಸನದಿಂದ ಆ ಊರು ಆಗ ದೊಡ್ಡ ವ್ಯಾಪಾರದ ಪೇಟೆಯಾಗಿದ್ದುದೂ ಅಯ್ಯಾವೊಳೆಯ ಐನೂರ್ವರ ವರ್ತಕಸಂಘಕ್ಕೆ ಅಲ್ಲಿ ಪ್ರಾಬಲ್ಯವಿದ್ದುದೂ ತಿಳಿದುಬರುವದು. ಇಂಥ ವರ್ತಕರು ತಾವು ಮಾರುವ ಸರಕಿನ ಒಂದು ಪಾಲನ್ನು ದೇವರ ಪೂಜೆಗೂ ಮುನಿಗಳ ಆಹಾರಕ್ಕೂ ಬಿಡುವ ರೂಢಿಯು ಆ ಕಾಲದಲ್ಲಿ ಕರ್ಣಾಟಕದ ತುಂಬ ಇದ್ದಿತು. ತಾವು ಪೇಟೆಯಲ್ಲಿ ಕುಳಿತಿರುವಾಗ ತಮ್ಮ ಪರವಾಗಿ ಬೇರೊಬ್ಬರು ಜಪತಪಗಳನ್ನು ನಡೆಸಲೆಂಬುದು ಇದರ ಅರ್ಥವು. ಇದು ಉದಾರವಾದ ರೂಢಿಯೇ ಸರಿ. ಇಂದಿನ ವರೆಗೂ ಹಲವು ಬಗೆಯ ಕಾಣಿಕೆಗಳಲ್ಲಿ ಅದು ಉಳಿದಿರುವದು. ಆದರೆ ಹಣವನ್ನು ಕೊಟ್ಟವನ ಸ್ವಂತದ ವೇಳೆಯು ಇದ್ದಲ್ಲಿಯೇ ಇದ್ದಿತು.

ಹನ್ನೆರಡನೆಯ ಶತಮಾನದ ಶರಣರು ಮಾಡಿದ ಕ್ರಾಂತಿಯ ಮಹತ್ವವು ಇವೆರಡರ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ಚೆನ್ನಾಗಿ ತಿಳಿಯುವದು. ಬಸವಣ್ಣನವರು ಶಿವಾನುಭವಕ್ಕೆ ಊರನ್ನೂ ಕಸುಬನ್ನೂ ಬಿಡಬೇಕೆನ್ನಲಿಲ್ಲ. ಕಾಣಿಕೆ ಕೊಟ್ಟು ಬೇರೊಬ್ಬರಿಂದ ಮಾಡಿಸಬಹುದೆಂದೂ ಅನ್ನಲಿಲ್ಲ. ಇಷ್ಟಲಿಂಗವು ಮೈಮೇಲೆ ಬಂದುದರಿಂದ ಗುಡಿಗೆ ಹೋಗಿಬರುವ ಹೊತ್ತೂ, ಪೂಜಾರಿಯ ಅನುಕೂಲವನ್ನು ಕಾಯುವ ಹೊತ್ತೂ ಉಳಿದವು. ಹೊಲದ ಬಾವಿಯ ಬಳಿ ಮಿಂದು, ಅಂಗೈಯಲ್ಲಿ ಲಿಂಗವನ್ನು ಹಿಡಿದು, ಪೂಜಿಸಿ ಮತ್ತೆ ಹೊಲಕ್ಕೆ ಇಳಿಯಲು ಎಷ್ಟು ವೇಳೆ ಬೇಕು? ಇಷ್ಟಲಿಂಗದ ತಾತ್ವಿಕ ಅರ್ಥವನ್ನು ವಿಸ್ತರಿಸಿ ಬರೆದವರು ಬಹಳ ಜನರಿರುವರು. ಆದರೆ ದುಡಿಯುವವನ ದಿನಚರಿಯ ದೃಷ್ಟಿಯಿಂದ ಅದು ಎಷ್ಟು ದೊಡ್ಡ ಉಪಕಾರವೆಂಬದನ್ನು ಬರೆದವರು ವಿರಳ.

ಇಷ್ಟಾದರೂ ಶರಣರಲ್ಲಿ ಈ ವಿಷಯವು ಸುಲಭವಾಗಿ ಬಗೆಹರಿದದ್ದಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಭಕ್ತರಿಗೆಲ್ಲ ಗೊತ್ತಿದ್ದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಅವರ ಕಾಯಕವು. ಒಂದು ದಿನ ಅವರು ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕವನ್ನೇ ಮರೆತರು. ಮನೆಯಲ್ಲಿದ್ದ ಲಕ್ಕಮ್ಮನವರು ಅವರನ್ನು ಎಚ್ಚರಿಸಿದರು. ಅವಸರದಿಂದ ಹೋದ ಮಾರಯ್ಯನವರು ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ, ಆ ಹೆಚ್ಚಿನದು ಆಶೆಯ ಅಕ್ಕಿಯೆಂದು ಹೇಳಿ ತಿರುಗಿ ಕಳುಹಿದವರೂ ಲಕ್ಕಮ್ಮನವರೇ. ಇಲ್ಲಿ ಎರಡು ಮಾತುಗಳಿರುವವು. ಶಿವಗೋಷ್ಠಿಯು ಕಾಯಕದ ವೇಳೆಯನ್ನು ನುಂಗಬಾರದು. ಕಾಯಕವೂ ತನ್ನ ಅಳತೆಯನ್ನು ಮೀರಿ ಬೆಳೆಯಬಾರದು. ಎರಡನೆಯ ಮಾತನ್ನು ಜನರು ಮೊದಲನೆಯದರಷ್ಟು ನೆನೆಸುವದಿಲ್ಲ. ಕಾಯಕವೇ ಕೈಲಾಸವೆಂಬುದನ್ನು ಹಗಲಿರುಳು ಗಳಿಸುವದಕ್ಕೆ ಕೊಟ್ಟ ಅಪ್ಪಣೆಯೆಂದು ಅರ್ಥ ಮಾಡುವವರಿಗೆ ಲಕ್ಕಮ್ಮನವರು ಆ ಅಕ್ಕಿಯನ್ನು ತಿರುಗಿ ಕಳುಹಿದ್ದೇ ಉತ್ತರವಾಗಿರುವದು.

ನುಲಿಯ ಚಂದಯ್ಯನವರ ಪ್ರಸಂಗವೂ ಇದೇ ಜಾತಿಯದು. ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ಬಿದ್ದರೂ ಕಾಯಕವನ್ನು ನಿಲ್ಲಿಸದ ಅವರ ನಿಷ್ಠೆಯ ಕುರಿತು ಶರಣರೊಳಗೆ ದೀರ್ಘವಾದ ವಾದವೇ ನಡೆಯಿತು. ರಬಕವಿ-ಬನಹಟ್ಟಿಗಳ ನೇಕಾರರಿಗಂತೂ ಮುದನೂರಿನ ದಾಸಿಮಯ್ಯನವರು ಹತ್ತಿರದ ಆದರ್ಶವು. ಬಸವಣ್ಣನವರಿಗಿಂತ ಪೂರ್ವದವರೆಂದು ಬಹುಜನ ವಿದ್ವಾಂಸರು ಒಪ್ಪಿರುವ ಈ ಶರಣರು ಮಗ್ಗದ ಮುಂದೆ ಕುಳಿತೇ ರಾಮನಾಥನ ಅಂಕಿತದಲ್ಲಿ ವಚನಗಳನ್ನು ನುಡಿದರು. ಹಾಸು, ಹೊಕ್ಕು, ಲಾಳಿ, ಕಂಡಿಕೆಗಳ ಮಧ್ಯದಿಂದಲೇ ಅನುಭಾವವು ಹುಟ್ಟಬಹುದೆಂಬದಕ್ಕೆ ನೇಕಾರರಿಗೆ ಬೇರೆ ಸಾಕ್ಷಿಯು ಬೇಡವಾಯಿತು.

ಆದರೆ ದಾಸಿಮಯ್ಯನವರಂಥ ಶರಣರು ಯುಗಕ್ಕೊಬ್ಬರು. ಸಾಮಾನ್ಯ ನೇಕಾರನಿಗೂ ಸಾಮಾನ್ಯ ಒಕ್ಕಲಿಗನಿಗೂ ಮನಸ್ಸಿನ ಬಲವೊಂದೇ ಸಾಲದು. ಊರಿನ ಕಟ್ಟಳೆಯ ಬಲವೂ ಬೇಕು. ಶರಣರ ತರುವಾಯದ ಶತಮಾನಗಳಲ್ಲಿ ಆ ಕಟ್ಟಳೆಗಳು ಒಂದೊಂದಾಗಿ ನೆಲೆಗೊಂಡವು. ಅವುಗಳನ್ನು ಹುಟ್ಟಿಸಿದವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ.

ಸೋಮವಾರ ಎತ್ತು ಹೂಡಬಾರದೆಂಬುದು ಅವುಗಳಲ್ಲಿ ಪ್ರಮುಖವಾದದ್ದು. ಸೋಮವಾರವು ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲ ಮೇಲೆ ನೊಗವನ್ನಿಟ್ಟರೆ ಪಾಪವೆಂಬ ನಂಬಿಗೆ. ಎತ್ತು ಹೂಡದ ದಿನ ನೇಗಿಲಿಲ್ಲ, ಕುಂಟೆಯಿಲ್ಲ, ಬಂಡಿಯಿಲ್ಲ. ಒಕ್ಕಲಿಗನು ತನಗಾಗಿ ಬಿಡುವನ್ನು ಕೇಳಿದ್ದರೆ ಆಲಸಿಯೆನ್ನಿಸಿಕೊಳ್ಳುತ್ತಿದ್ದನು. ಎತ್ತಿನ ಹೆಸರಿನಿಂದ ಕೇಳಿದ್ದರಿಂದ ಭಕ್ತನೆನ್ನಿಸಿಕೊಂಡನು. ಹಿರಿಯರ ಈ ಜಾಣತನವನ್ನು ಮೆಚ್ಚಲೇಬೇಕು. ಸೋಮವಾರದ ದಿನ ಬೇಗ ಮಿಂದು, ಸಾವಕಾಶವಾಗಿ ಪೂಜೆ ಮಾಡಿಕೊಂಡು, ಮಠಕ್ಕೋ ಗುಡಿಗೋ ಹೋಗಿ, ಹಿರಿಯರ ಹತ್ತಿರ ಕುಳಿತು ಬರುವದಕ್ಕೆ ಅವನಿಗೆ ಅಡ್ಡಿಯಿದ್ದಿಲ್ಲ. ಇದಲ್ಲದೆ ಕಾರಹುಣ್ಣಿವೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗಿಹುಣ್ಣಿವೆ, ಎಳ್ಳಮಾವಾಸ್ಯೆಗಳು ಹೊಲದ ಹದವನ್ನೇ ಅನುಸರಿಸಿ ಬರುವವು. ಬಿತ್ತಿಗೆಯ ಮುಂಚಿನ ಬಿಡುವಿನಲ್ಲಿ ಎತ್ತಿನ ಪೂಜೆ, ಹಿಂಗಾರಿಯ ಪೈರು ನಿಂತಾಗ ಹೊಲದಲ್ಲಿ ಚರಗ ಚೆಲ್ಲುವದು, ರಾಶಿಯಾದ ಮೇಲೆ ಜಾತ್ರೆ. ಯಾವ ಹಬ್ಬವೂ ಬೆಳೆಯ ಹದವನ್ನು ಕೆಡಿಸುವ ದಿನಗಳಲ್ಲಿ ಬರುವದಿಲ್ಲವೆಂಬದು ಗಮನಿಸತಕ್ಕ ಸಂಗತಿಯು.

ನೇಕಾರರಿಗೆ ಅಮಾವಾಸ್ಯೆಯೇ ಬಿಡುವು. ಅಂದು ಮಗ್ಗಕ್ಕೆ ಪೂಜೆ, ಲಾಳಿ ಓಡುವದಿಲ್ಲ. ಉಳಿದ ದಿನಗಳಲ್ಲಿ ನೇಕಾರನ ಮನೆಯೇ ಕಾರ್ಖಾನೆಯು. ಗಂಡಸರು ಕುಣಿಯಲ್ಲಿ ಕುಳಿತು ನೇದರೆ ಹೆಂಗಸರು ರಾಟಿಯ ಮೇಲೆ ಕಂಡಿಕೆ ಸುತ್ತುವರು. ಮುದುಕರು ನೂಲನ್ನು ಬಿಡಿಸುವರು. ಮಕ್ಕಳು ಕೈಗೆ ಕೈ ಕೊಡುವರು. ಹೀಗಿರುವಲ್ಲಿ ಮನೆಯೊಳಗಿನ ಒಬ್ಬರಿಗೆ ಮಾತ್ರ ಬಿಡುವು ಸಿಗುವದು ಸಾಧ್ಯವಿಲ್ಲ. ಸಿಕ್ಕರೆ ಎಲ್ಲರಿಗೂ ಒಮ್ಮೆಲೆ ಸಿಗಬೇಕು. ಆದುದರಿಂದಲೇ ಕೇರಿಗೆ ಕೇರಿಯೇ ಒಂದು ದಿನ ನಿಲ್ಲುವ ರೂಢಿಯು ನೇಕಾರರಲ್ಲಿ ಬಲವಾಗಿ ಬೇರೂರಿದಂತೆ ತೋರುವದು. ಬನಹಟ್ಟಿಯ ಕೇರಿಗಳಿಗೆ ಸೋಮವಾರ ಪೇಟೆ, ಮಂಗಳವಾರ ಪೇಟೆಯೆಂದು ವಾರಗಳ ಹೆಸರುಗಳೇ ಇರುವವು.

ಕೈಮಗ್ಗಕ್ಕೆ ಇನ್ನೊಂದು ಗುಣವಿದ್ದಿತು. ಅದರ ಸಪ್ಪಳವು ಸಣ್ಣದು. ಅದಕ್ಕೊಂದು ತಾಳವೂ ಉಂಟು. ಅದರ ಮುಂದೆ ಕುಳಿತವನು ಹಾಡಬಲ್ಲನು, ಪಕ್ಕದ ಮಗ್ಗದವನು ಹಾಡಿದ್ದನ್ನು ಕೇಳಬಲ್ಲನು. ನಿಜಗುಣ ಶಿವಯೋಗಿಗಳ, ಸರ್ಪಭೂಷಣ ಶಿವಯೋಗಿಗಳ, ಶಿಶುನಾಳ ಶರೀಫರ ಪದಗಳು ಅಕ್ಷರ ಬಾರದವರ ಬಾಯಲ್ಲಿಯೂ ನಿಂತದ್ದು ಹೀಗೆಯೇ. ರಾತ್ರಿ ಭಜನೆಗೆ ಕುಳಿತಾಗ ದಮ್ಮಡಿ, ತಾಳ, ಏಕತಾರಿಗಳು ಬರುತ್ತಿದ್ದವು; ಪದವು ಮಾತ್ರ ಹಗಲೇ ಮಗ್ಗದ ಮೇಲೆ ಬಾಯಿಪಾಠವಾಗಿರುತ್ತಿದ್ದಿತು.

ಮಠಗಳು ಈ ವ್ಯವಸ್ಥೆಯ ಗಡಿಯಾರಗಳಾಗಿದ್ದವು. ಗಡಿಯಾರವಿಲ್ಲದ ಕಾಲದಲ್ಲಿ ಕಂತಿಭಿಕ್ಷೆಗೆ ಹೊರಟ ಮಠದ ವಟುಗಳು ಮನೆಯ ಮುಂದೆ ಬಂದರೆಂದರೆ ಹೊತ್ತು ಎಷ್ಟಾಯಿತೆಂಬದು ಗೃಹಿಣಿಯರಿಗೆ ತಿಳಿಯುತ್ತಿದ್ದಿತು. ಮಠಕ್ಕೆ ಬರಲಾರದವನ ಬಾಗಿಲಿಗೆ ಮಠವೇ ನಿತ್ಯವೂ ಬರುತ್ತಿದ್ದಿತು. ಚರಮೂರ್ತಿಗಳು ಸಂಚಾರದಲ್ಲಿ ಊರಿಗೆ ಬಿಜಯಂಗೈದಾಗ ಪಾದಪೂಜೆ, ಪ್ರಸಾದ, ರಾತ್ರಿ ಅನುಭಾವದ ಮಾತು. ಶ್ರಾವಣ ಬಂದರೆ ತಿಂಗಳು ಪೂರ್ತಿ ಪುರಾಣ. ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ, ಷಡಕ್ಷರದೇವನ ರಾಜಶೇಖರವಿಳಾಸಗಳಂಥ ಕಾವ್ಯಗಳನ್ನು ಒಬ್ಬರು ಓದುವದು, ಇನ್ನೊಬ್ಬ ಶಾಸ್ತ್ರಿಗಳು ಅರ್ಥ ಹೇಳುವದು. ಹೊಲದಿಂದ ಬಂದು ಉಂಡು ಕಂಬಳಿ ಹೊದ್ದು ಕುಳಿತವರಲ್ಲಿ ಕೆಲವರು ತೂಕಡಿಸುತ್ತಿದ್ದರು. ಅದಕ್ಕೆ ಯಾರೂ ಬೇಸರಿಸುತ್ತಿರಲಿಲ್ಲ. ವರ್ಷಕ್ಕೊಂದರಂತೆ ಇಪ್ಪತ್ತು ಮೂವತ್ತು ಶ್ರಾವಣಗಳನ್ನು ಕೇಳಿದ ಅನಕ್ಷರಸ್ಥ ರೈತನಿಗೆ ಕನ್ನಡದ ಮಹಾಕಾವ್ಯಗಳ ಕಥೆಯೂ ನುಡಿಯೂ ಮನೆಯ ಮಾತಾಗುತ್ತಿದ್ದವು. ಸಾಲೆಯ ಮೆಟ್ಟಿಲು ಹತ್ತದವರಿಗೆ ಇಂಥ ಸಾಹಿತ್ಯಶಿಕ್ಷಣವನ್ನು ಕೊಟ್ಟ ಬೇರೊಂದು ಸಂಸ್ಥೆಯು ಆ ಕಾಲದಲ್ಲಿ ಇದ್ದಿಲ್ಲ.

ಜಾತ್ರೆಗಳ ಮಾತು ಬೇರೆ. ಬನಹಟ್ಟಿಯ ಕಾಡಸಿದ್ಧೇಶ್ವರ, ಮಹಾಲಿಂಗಪುರದ ಮಹಾಲಿಂಗೇಶ್ವರ ಮೊದಲಾದ ಜಾತ್ರೆಗಳಲ್ಲಿ ಭಕ್ತಿಯೂ ವ್ಯಾಪಾರವೂ ವಿನೋದವೂ ಕೂಡಿಯೇ ಇರುತ್ತಿದ್ದವು. ಶ್ರೀಕೃಷ್ಣ ಪಾರಿಜಾತದ ಆಟವು ಈ ಪ್ರಾಂತದ ವಿಶಿಷ್ಟ ಸಂಪತ್ತು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಕೂಡಿ ಬಂದ, ಕೌಜಲಗಿ ನಿಂಗಮ್ಮನ ಅಭಿನಯದಿಂದ ಊರೂರಿಗೆ ಹಬ್ಬಿದ ಈ ಸಣ್ಣಾಟವನ್ನು ಮುಧೋಳ, ಲೋಕಾಪುರ, ಬೀಳಗಿಗಳ ಕಡೆಯ ಮೇಳಗಳು ಬಹು ಪ್ರೀತಿಯಿಂದ ಬೆಳೆಸಿದವು. ಸತ್ಯಭಾಮೆಯ ಗರ್ವ, ರುಕ್ಮಿಣಿಯ ಶಾಂತಿ, ಕೊರವಂಜಿಯ ಮಾತು. ಭಾಗವತನೂ ದೂತಿಯೂ ಸ್ಥಳದಲ್ಲಿಯೇ ಮಾತು ಕಟ್ಟುತ್ತ ಊರಿನ ಜಿಪುಣನನ್ನೂ ಜಗಳಗಂಟಿಯನ್ನೂ ಆಟದೊಳಗೆ ಎಳೆಯುವರು. ವೈಷ್ಣವ ಕಥೆಯೆಂದು ಲಿಂಗವಂತ ಪ್ರೇಕ್ಷಕರು ಅದನ್ನು ದೂರವಿಡಲಿಲ್ಲ. ಇಂಥ ಆಟಗಳನ್ನು ಕೇವಲ ಮನರಂಜನೆಯೆಂದು ತಳ್ಳಿಹಾಕುವ ಪಂಡಿತರು ಕೆಲವರಿರುವರು. ಗರ್ವಭಂಗದ ಪಾಠವನ್ನು ನಗುನಗುತ್ತ ಬೆಳಗಿನ ವರೆಗೆ ಕೇಳಿದ ಜನರ ಅನುಭವವು ಅವರಿಗೆ ತಿಳಿಯದು.

ಸಂಸ್ಥ��ನಗಳ ಕಾಲದಲ್ಲಿ ಈ ವೇಳೆಗೆ ಇನ್ನೊಂದು ಅರ್ಥವೂ ಬಂದಿತು. ಜಮಖಂಡಿ, ಮುಧೋಳ, ಸಾಂಗ್ಲಿಗಳ ದರಬಾರಗಳಲ್ಲಿ ಮರಾಠಿಯು ರಾಜಭಾಷೆಯಾಗಿದ್ದಿತು. ಜಮಖಂಡಿಯ ಅರಸರು ವಿದ್ಯಾಭಿಮಾನಿಗಳಲ್ಲವೆಂದು ಯಾರೂ ಹೇಳಲಾರರು. ಪುಣೆಯಲ್ಲಿ ೧೯೧೬ರಲ್ಲಿ ಪ್ರಾರಂಭವಾದ ಕಾಲೇಜಿಗೆ ಎರಡು ಲಕ್ಷ ರೂಪಾಯಿಗಳ ದೇಣಿಗೆಯನ್ನು ಕೊಟ್ಟವರು ಅವರೇ. ಆ ಕಾಲೇಜು ಸರ್ ಪರಶುರಾಮಭಾವೂ ಕಾಲೇಜೆಂದು ಇಂದಿಗೂ ಪ್ರಸಿದ್ಧವಾಗಿರುವದು. ಆದರೆ ಕೃಷ್ಣಾತೀರದ ಕನ್ನಡ ರೈತನ ಮಗನಿಗೆ ಆ ಕಾಲೇಜು ದೂರ. ಕಚೇರಿಯ ಕಾಗದವು ಮರಾಠಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಶ್ರಾವಣದ ಪುರಾಣದ ರಾತ್ರಿಯೇ ಅವನ ಕನ್ನಡ ಸಾಲೆಯಾಗಿದ್ದಿತು. ಮಠಕ್ಕೆ ಕೊಟ್ಟ ವೇಳೆಯು ಧರ್ಮಕ್ಕೆ ಕೊಟ್ಟ ವೇಳೆಯಾಗಿದ್ದಂತೆ ಭಾಷೆಗೆ ಕೊಟ್ಟ ವೇಳೆಯೂ ಆಗಿದ್ದಿತು.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನದೆಲ್ಲವೂ ಚಿನ್ನವೆಂದು ತಿಳಿಯಬಾರದು. ಕಟ್ಟಳೆಯು ವೇಳೆಯನ್ನು ಕಾಯ್ದರೂ ಆ ವೇಳೆಯಲ್ಲಿ ನಡೆಯಬೇಕಾದುದನ್ನು ಎಲ್ಲ ಕಾಲದಲ್ಲಿಯೂ ಕಾಯಲಿಲ್ಲ. ಎಷ್ಟೋ ಮನೆತನಗಳಲ್ಲಿ ವಚನದ ಕಟ್ಟುಗಳು ಕಾವಿಯ ಅರಿವೆಯಲ್ಲಿ ಸುತ್ತಲ್ಪಟ್ಟು ದೇವರ ಜಗಲಿಯನ್ನೇರಿದ್ದವು. ಅವಕ್ಕೆ ವಿಭೂತಿ, ಪತ್ರಿ, ಧೂಪಗಳು ತಪ್ಪುತ್ತಿರಲಿಲ್ಲ. ಆದರೆ ಬಿಚ್ಚಿ ಓದುವವರು ಇದ್ದಿಲ್ಲ. ಪೂಜೆಗೊಂಡು ಉಳಿದವೆಂಬದು ಭಾಗ್ಯವೇ. ಓದದೆ ಪೂಜಿಸಿದ್ದರಿಂದ ಶರಣರ ಮಾತುಗಳು ಶರಣರ ಮಕ್ಕಳಿಗೇ ಅಪರಿಚಿತವಾದವು.

ಈ ಸ್ಥಿತಿಯಲ್ಲಿ ಅವುಗಳನ್ನು ಬಿಚ್ಚಿದವರು ಒಬ್ಬ ವಕೀಲರು. ಫ. ಗು. ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದ ನೇಕಾರ ಮನೆತನದಲ್ಲಿ ಜನಿಸಿದವರು. ಕಾಯದೆಯ ಅಭ್ಯಾಸವನ್ನು ಮುಗಿಸಿ ೧೯೦೪ರಲ್ಲಿ ವಕೀಲಿಗೆ ತೊಡಗಿ ವಿಜಾಪುರದಲ್ಲಿ ನೆಲೆಸಿದರು. ಇದಕ್ಕೆ ಸ್ವಲ್ಪ ಮೊದಲು, ೧೯೦೩ರ ಸುಮಾರಿಗೆ, ರಬಕವಿ-ಬನಹಟ್ಟಿಯ ಕಡೆಯ ಮನೆಗಳಲ್ಲಿದ್ದ ತಾಡವೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಪ್ರಭುದೇವರ ವಚನಗಳು, ಷಟ್‌ಸ್ಥಲ ತಿಲಕ ಮೊದಲಾದ ಗ್ರಂಥಗಳನ್ನು ಕಂಡು ಅವರು ಬೆರಗಾದರು. ನೇಕಾರರ ನಾಡಿನ ಮನೆಗಳು ಕಾಯ್ದಿಟ್ಟ ನಿಧಿಯನ್ನು ನೇಕಾರರ ಮನೆಯಿಂದ ಬಂದ ವಕೀಲರೇ ಜಗತ್ತಿಗೆ ತೋರಿಸಿದ್ದು ಯೋಗಾಯೋಗವೆನ್ನಬೇಕು.

ಹಳಕಟ್ಟಿಯವರು ಸಂಸಾರವನ್ನೂ ಉದ್ಯೋಗವನ್ನೂ ಬಿಟ್ಟವರಲ್ಲ. ರನ್ನನ ದಾರಿಯು ಅವರ ದಾರಿಯಾಗಲಿಲ್ಲ. ಹಗಲು ಕೋರ್ಟಿನ ಕೆಲಸ. ಅದರೊಡನೆ ಸಾರ್ವಜನಿಕ ಕೆಲಸಗಳೂ ಸಣ್ಣವಲ್ಲ: ೧೯೧೦ರಲ್ಲಿ ಬಿಜಾಪುರ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, ಮುಂಬಯಿಯ ಶಾಸನಸಭೆಯ ಸದಸ್ಯತ್ವ, ನೇಕಾರರ ಮತ್ತು ಒಕ್ಕಲಿಗರ ಸಹಕಾರಿ ಚಟುವಟಿಕೆಗಳು. ಇಷ್ಟರ ನಡುವೆ ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ, ಪ್ರತಿ ಮಾಡಿ, ಪಾಠಗಳನ್ನು ಹೋಲಿಸಿ ನೋಡುವ ಕೆಲಸ ನಡೆಯಿತು. ೧೯೦೩ರಲ್ಲಿ ಕಣ್ಣಿಗೆ ಬಿದ್ದ ಓಲೆಗಳಿಂದ ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾದ ವಚನಶಾಸ್ತ್ರಸಾರದ ಮೊದಲನೆಯ ಭಾಗದ ವರೆಗೆ ಇಪ್ಪತ್ತು ವರ್ಷಗಳು ಸಂದವು. ಕೆಲಸದಿಂದ ಉಳಿದ ವೇಳೆಯಲ್ಲಿ ಮಾಡಿದ ಕೆಲಸವು ಇಷ್ಟು ನಿಧಾನವಾಗಿಯೇ ಆಗುವದು. ಆ ಇಪ್ಪತ್ತು ವರ್ಷಗಳನ್ನು ವಿಳಂಬವೆಂದು ಎಣಿಸುವವರು ಅವುಗಳ ಒಂದೊಂದು ರಾತ್ರಿಯ ಲೆಕ್ಕವನ್ನು ಹಾಕಿ ನೋಡಬೇಕು.

ತರುವಾಯ ಅವರು ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಪ್ರಾರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನವು ಅವರಿಗೆ ಬಂದಿತು. ಅಲ್ಲಿಯ ವರೆಗೆ ಕೆಲವೇ ಕೆಲವರ ಹೆಸರುಗಳಿಂದ ಗೊತ್ತಿದ್ದ ವಚನಸಾಹಿತ್ಯದಲ್ಲಿ ಇನ್ನೂರಕ್ಕೂ ಮಿಕ್ಕಿದ ವಚನಕಾರರನ್ನು ಅವರು ಬೆಳಕಿಗೆ ತಂದರು. ವಕೀಲಿಯು ಮೆಲ್ಲನೆ ಕುಂದಿತು, ಬಡತನವು ಬಂದಿತು. ಲಕ್ಕಮ್ಮನವರ ತಕ್ಕಡಿಯಲ್ಲಿ ತೂಗಿದರೆ ಹಳಕಟ್ಟಿಯವರು ಅನುಭಾವದ ಕಡೆಗೆ ಹೆಚ್ಚು ವಾಲಿದರೆಂದು ಯಾರಾದರೂ ಅನ್ನಬಹುದು. ಆದರೆ ಶರಣರ ವಚನಗಳನ್ನು ಅಚ್ಚು ಹಾಕುವದೇ ಅವರ ಕಾಯಕವಾಗಿ ಹೋಗಿದ್ದಿತು. ೧೯೬೪ರಲ್ಲಿ ಅವರು ಲಿಂಗೈಕ್ಯರಾದರು.

ಅದೇ ೧೯೬೪ನೆಯ ಇಸವಿಯಲ್ಲಿ ಜಮಖಂಡಿ ತಾಲೂಕಿನ ಸಾವಳಗಿಯವರೊಬ್ಬರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಬಸಪ್ಪ ದಾನಪ್ಪ ಜತ್ತಿಯವರು ೧೯೧೨ರಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಅಲ್ಲಿಯ ಪುರಸಭೆಯಿಂದ ಸಂಸ್ಥಾನದ ಮಂತ್ರಿಪದವಿಯ ವರೆಗೆ ಏರಿದವರು. ೧೯೪೮ರಲ್ಲಿ ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅವರು ಮುಂದಾಳುಗಳಲ್ಲಿ ಒಬ್ಬರು. ೧೯೫೮ರಿಂದ ೧೯೬೨ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ೧೯೭೪ರಿಂದ ೧೯೭೯ರ ವರೆಗೆ ಭಾರತದ ಉಪರಾಷ್ಟ್ರಪತಿಗಳು. ೧೯೭೭ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಗಳ ಸ್ಥಾನವನ್ನೂ ನಿರ್ವಹಿಸಿದರು. ರಾಜಕಾರಣಕ್ಕಿಂತ ಹೆಚ್ಚಾಗಿ ವೇಳೆಯನ್ನು ನುಂಗುವ ಉದ್ಯೋಗವಿಲ್ಲ. ಅಧಿಕಾರದಿಂದ ನಿವೃತ್ತರಾದ ಮೇಲೆ ಧರ್ಮಕಾರ್ಯಕ್ಕೆ ತೊಡಗುವವರು ಬಹಳ. ಜತ್ತಿಯವರು ಸಮಿತಿಯನ್ನು ಕಟ್ಟಿದ ಮೇಲೆ ಅವರ ಪದವಿಗಳು ಮುಗಿಯಲಿಲ್ಲ, ಇನ್ನೂ ಬೆಳೆದವು. ಆದರೂ ಸಮಿತಿಯನ್ನು ಬಿಡಲಿಲ್ಲ. ಅವರು ೨೦೦೨ರಲ್ಲಿ ತೀರಿಕೊಂಡ ಮೇಲೆಯೂ ಅದು ವಚನಗಳನ್ನು ದೇಶದ ಅನೇಕ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಿರುವದು. ಬನಹಟ್ಟಿಯ ಕಡೆಯ ಜಗಲಿಗಳ ಮೇಲೆ ಮುಚ್ಚಿ ಕುಳಿತಿದ್ದ ಮಾತುಗಳು ಅಷ್ಟು ದೂರ ನಡೆದವು.

ಸ್ವಾತಂತ್ರ್ಯಾನಂತರ ಈ ಪ್ರಾಂತದ ದುಡಿಮೆಯ ರೀತಿಯೇ ಬದಲಾಯಿತು. ರಬಕವಿ-ಬನಹಟ್ಟಿಗಳಲ್ಲಿ ಕೈಮಗ್ಗದ ಸ್ಥಳವನ್ನು ವಿದ್ಯುತ್ ಮಗ್ಗಗಳು ಬಹುಮಟ್ಟಿಗೆ ಆಕ್ರಮಿಸಿದವು. ಉತ್ಪನ್ನವು ಹೆಚ್ಚಿತು, ಎಷ್ಟೋ ಮನೆಗಳಿಗೆ ಅನ್ನವಾಯಿತು. ಆದರೆ ವಿದ್ಯುತ್ ಮಗ್ಗದ ಸಪ್ಪಳದಲ್ಲಿ ಪದ ಹಾಡಲಾಗದು, ಹಾಡಿದರೂ ಪಕ್ಕದವನಿಗೆ ಕೇಳಿಸದು. ಮಗ್ಗವು ದಣಿಯುವದಿಲ್ಲವಾದ್ದರಿಂದ ಅದರ ಮುಂದೆ ನಿಂತವನೂ ದಣಿಯಬಾರದೆಂಬಂತಾಯಿತು. ನೇದಷ್ಟಕ್ಕೆ ಮಜೂರಿಯನ್ನು ಪಡೆಯುವವನಿಗೆ ನಿಲ್ಲಿಸಿದ ಪ್ರತಿಯೊಂದು ತಾಸು ಕೈಯಿಂದ ಹೋದ ಹಣವಾಗಿ ಕಾಣುವದು. ಮೊದಲು ಕೇರಿಯೇ ನಿಂತಾಗ ನಿಲ್ಲುವದು ಸುಲಭವಿದ್ದಿತು. ಈಗ ಒಬ್ಬನೇ ನಿಲ್ಲುವದಕ್ಕೆ ಧೈರ್ಯ ಬೇಕಾಗುವದು.

ಒಕ್ಕಲುತನದಲ್ಲಿಯೂ ಹಾಗೆಯೇ. ೧೯೮೯ರಲ್ಲಿ ಜಮಖಂಡಿಯ ಕಡೆಯ ಕೃಷ್ಣಾತೀರದ ರೈತರು ಚಿಕ್ಕಪಡಸಲಗಿಯ ಹತ್ತಿರ ಸರ್ಕಾರದ ದಾರಿಯನ್ನು ಕಾಯದೆ ಸ್ವಂತದ ಹಣದಿಂದಲೂ ಶ್ರಮದಾನದಿಂದಲೂ ಹೊಳೆಗೆ ಒಡ್ಡು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರವೆಂಬ ಸಾರ್ಥಕ ನಾಮವನ್ನಿಟ್ಟರು. ಊರ ಜನರು ಕೂಡಿ ತೇರನ್ನೆಳೆಯುವ ಅಭ್ಯಾಸವೇ ಇಲ್ಲಿ ಒಡ್ಡು ಕಟ್ಟುವ ಬಲವಾಗಿ ಪರಿಣಮಿಸಿತೆಂದರೆ ಅತಿಶಯೋಕ್ತಿಯಾಗದು. ನೀರು ಬಂದಿತು, ನೀರಿನ ಬೆನ್ನಹಿಂದೆ ಕಬ್ಬು ಬಂದಿತು, ಕಬ್ಬಿನ ಬೆನ್ನಹಿಂದೆ ಸಕ್ಕರೆಯ ಕಾರ್ಖಾನೆಗಳು ಬಂದವು. ಎತ್ತಿನ ಸ್ಥಳಕ್ಕೆ ಟ್ರ್ಯಾಕ್ಟರು ಬಂದಿತು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಎತ್ತಿನ ನೆಪದಿಂದ ಒಕ್ಕಲಿಗನಿಗೆ ದೊರೆತಿದ್ದ ಬಿಡುವು ಎತ್ತಿನೊಡನೆಯೇ ಹೊರಟುಹೋಯಿತು.

ಬೀಳಗಿಯ ಕಡೆಯ ಮಾತು ಇನ್ನೂ ಕಠಿಣವಾದದ್ದು. ಆಲಮಟ್ಟಿಯ ಜಲಾಶಯದ ಹಿನ್ನೀರಿನಲ್ಲಿ ಆ ತಾಲೂಕಿನ ಅನೇಕ ಗ್ರಾಮಗಳು ಮುಳುಗಿದವು. ಜನರು ಪುನರ್ವಸತಿಯ ಊರುಗಳಿಗೆ ಹೋದರು. ಮನೆಗೆ ಪರಿಹಾರವಿದ್ದಿತು, ಹೊಲಕ್ಕೆ ಪರಿಹಾರವಿದ್ದಿತು. ಸಂಜೆ ಕೂಡುವ ಕಟ್ಟೆಗೆ, ಆಟವಾಡುವ ಅಂಗಳಕ್ಕೆ, ಅವುಗಳ ಸುತ್ತ ನೂರಾರು ವರ್ಷಗಳಿಂದ ಗೊತ್ತಾಗಿದ್ದ ಹೊತ್ತಿಗೆ ಬೆಲೆ ಕಟ್ಟುವ ಕೋಷ್ಟಕವು ಯಾವ ಕಚೇರಿಯಲ್ಲಿಯೂ ಇದ್ದಿಲ್ಲ.

ಕಬ್ಬು ನುರಿಸುವ ಹಂಗಾಮು ದಸರೆ-ದೀಪಾವಳಿಗಳ ಹೊತ್ತಿಗೆ ಪ್ರಾರಂಭವಾಗಿ ಯುಗಾದಿಯ ಆಸುಪಾಸಿನ ವರೆಗೆ ನಡೆಯುವದು. ಹಿಂಗಾರಿಯ ರಾಶಿ ಮುಗಿದ ಮೇಲೆ ಸಿಗುತ್ತಿದ್ದ ಹಿಂದಿನ ಜಾತ್ರೆಯ ಬಿಡುವು ಈ ಹಂಗಾಮಿನೊಳಗೇ ಬೀಳುವದರಿಂದ ಆ ದಿನಗಳಲ್ಲಿ ರಾತ್ರಿಯೆಲ್ಲ ಕಬ್ಬಿನ ಗಾಡಿಗಳ ಸಾಲುಗಳು ರಸ್ತೆಯನ್ನು ತುಂಬಿರುವವು. ಪಾರಿಜಾತದ ಮೇಳಗಳಿಗೆ ಕರೆಯುವವರು ಕಡಮೆಯಾದರು. ಶ್ರಾವಣವು ಮಾತ್ರ ಈ ಹಂಗಾಮಿನ ಹೊರಗೆ ಬರುವದು. ಆಗ ಕಾರ್ಖಾನೆಯ ಚಿಮಣಿಗಳು ತಣ್ಣಗಿರುವವು. ಹೊಲದಲ್ಲಿ ಕಬ್ಬು ತಾನಾಗಿ ಬೆಳೆಯುತ್ತಿರುವದು. ಈ ಪ್ರಾಂತದ ಮಠಗಳಲ್ಲಿ ತಿಂಗಳ ಪುರಾಣವು ಉಳಿದುಬಂದಿರುವದಕ್ಕೆ ಭಕ್ತರ ನಿಷ್ಠೆಯೊಡನೆ ಪಂಚಾಂಗದ ಈ ಅನುಕೂಲವೂ ಒಂದು ಕಾರಣವಾಗಿರುವದು.